ಮೇಷ್ಟ್ರು ಉಳಿಸಿದ ಸಾಲು

ಶ್ರೀರಂಗಪಟ್ಟಣದಲ್ಲಿ ನನಗೆ ಕಂಪ್ಯೂಟರ್ ಕಲಿಸಿದ ಮೇಷ್ಟ್ರು, ನಾವು ಬರೆದ ಪ್ರೋಗ್ರಾಮನ್ನು ಫ್ಲಾಪಿಯಿಂದ ಹಾಕಿ ನೋಡುವಾಗ ಪರದೆಯಲ್ಲಿ ಬರುವ ಪ್ರತಿ ಸಾಲಿಗೂ ಕನ್ನಡಕ ಹಣೆಗೇರಿಸಿ, "ಇದ ಓದ್ದೋರು ಏನ್ ಮಾಡ್ಬೇಕ್ಲಾ?" ಅನ್ನುತ್ತಿದ್ದರು. ನಾನು ಉತ್ತರ ಹೇಳದಿದ್ದರೆ ಸಾಲನ್ನು ಅಳಿಸಿಬಿಡುವರು. ನಾನು ಬರೆದ ಸ್ವಾಗತ, ವಂದನೆ ಎಲ್ಲ ಹಾಗೇ ಹೋದವು.

ನಾಗಮಂಗಲದ ಆಸ್ಪತ್ರೆಯೊಂದಕ್ಕೆ ರಕ್ತದಾನಿಗಳ ಪಟ್ಟಿಯ ಹೊಸ ಪ್ರೋಗ್ರಾಮು ಕಳಿಸುವಾಗ ಅವರು ಉಳಿಸಿದ್ದು ಇಷ್ಟೇ, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ: "ಹಳೇ ಪಟ್ಟಿ ಅಳಿಸಿಹೋಗುತ್ತೆ. ನಕಲು ಇಟ್ಟುಕೊಂಡಿದ್ದೀರಾ?"

ವಾರದೊಳಗೆ ಅಲ್ಲಿನ ನರ್ಸಮ್ಮ ಬಸ್ಸು ಹಿಡಿದು ಬಂದರು. "ಸಾ, ಗುಂಡಿ ಒತ್ಬುಡ್ತಿದ್ದೆ. ಅದ ಓದಿ ಕೈ ನಿಂತೋಯ್ತು. ಪಟ್ಟಿ ಬ್ಯಾರೆ ಎಲ್ಲೂ ಇರ್ನಿಲ್ಲ. ಅವತ್ತೇ ಒಬ್ಬ ಬಾಣಂತಿಗೆ ಆ ಪಟ್ಟೀಲಿದ್ದೋರ್ನೇ ಕರ್ಸಿ ರಕ್ತ ಕೊಡುಸ್ದೊ."

ಮೇಷ್ಟ್ರು ತಮ್ಮ ಸಾಲಿನ ಮಾತೇ ಎತ್ತಲಿಲ್ಲ. "ಆ ತಾಯಿ ಎಂಗವ್ಳವ್ವಾ?" ಅಂದರು.

"ಮಗೀಗೆ ಹಾಲು ಕುಡುಸ್ತಾವ್ಳೆ ಸಾ."

ನನಗೇ ತಿಳಿಯದಂತೆ ನಾನು ಮೇಷ್ಟ್ರ ಮುಂದೆ ಎದ್ದು ನಿಂತಿದ್ದೆ.