ಕೆಂಪು ನೀರಿನ ಉಳಿದರ್ಧ

ದೀಪಾವಳಿ ರಜೆಯಲ್ಲಿ ಮನೆಮನೆಗೆ ಹೋಗಿ ಮಕ್ಕಳಿಗೆ ವಿಜ್ಞಾನದ ಪ್ರಯೋಗ ತೋರಿಸುವುದು ನನ್ನ ಕೆಲಸ. ಪುಂಜಾಲಕಟ್ಟೆಯ ಒಂದು ಮನೆಯಲ್ಲಿ ಅರಸಿನದ ನೀರಿಗೆ ಅಜ್ಜಿಯ ಎಲೆಯಡಿಕೆ ತಟ್ಟೆಯಿಂದ ಸುಣ್ಣ ತೆಗೆದು ಕದಡಿದೆ. ಹಳದಿ ನೀರು ರಕ್ತದಂತೆ ಕೆಂಪಾಯಿತು. ಮಕ್ಕಳು ಕುಣಿದರು.

"ಈಗ ಲಿಂಬೆ ಹಿಂಡಿದರೆ ಪುನಃ ಹಳದಿ!" ಎಂದು ನಾನು ತಂದಿದ್ದ ಒಂದೇ ಲಿಂಬೆಯನ್ನು ಕೊಯ್ಯುವಷ್ಟರಲ್ಲಿ ಅಜ್ಜಿ ಬಟ್ಟಲು ಎತ್ತಿಕೊಂಡರು.

"ಒಳ್ಳೇದಾಯ್ತು ಮಾಸ್ಟ್ರೇ. ಹಬ್ಬಕ್ಕೆ ಬಂದವರ ಕಣ್ಣೆಲ್ಲ ಈ ಮಕ್ಕಳ ಮೇಲೆಯೇ ಉಂಟು," ಎನ್ನುತ್ತಾ ಮೂರು ಸುತ್ತು ನಿವಾಳಿಸಿ, ನೀರನ್ನು ಅಂಗಳದಾಚೆ ಚೆಲ್ಲಿಯೇಬಿಟ್ಟರು.

"ಅಯ್ಯೋ ಅಜ್ಜೀ, ಪ್ರಯೋಗ ಇನ್ನೂ ಅರ್ಧ ಉಂಟು!"

"ಅದಕ್ಕೇನಂತೆ? ಆ ಲಿಂಬೆ ಇಲ್ಲಿ ಕೊಡಿ."

ಉಳಿದರ್ಧ ಪ್ರಯೋಗವನ್ನು ನಾನು ಶರಬತ್ತಿನ ಲೋಟದಲ್ಲಿ ಕುಡಿದು ಮುಗಿಸಿದೆ.