ಗಟ್ಟಿಮೇಳದ ಮರೆಯಲ್ಲಿ

ಮದುವೆಮನೆಯಲ್ಲಿ ವಾಲಗವನ್ನು ಕಿವಿಗೊಟ್ಟು ಕೇಳುವವರು ಎಷ್ಟು ಜನ ಹೇಳಿ. ಅದರಲ್ಲೂ ಗಟ್ಟಿಮೇಳವನ್ನಂತೂ ಯಾರೂ ಕೇಳುವುದಿಲ್ಲ. ತಾಳಿ ಕಟ್ಟುವಾಗ ಸೀನು, ಅಳು, ಕೆಟ್ಟ ಮಾತು ಯಾವುದೂ ಕಿವಿಗೆ ಬೀಳದಿರಲಿ ಎಂದು ಎಬ್ಬಿಸುವ ಸದ್ದು ಅದು. ಭಾನುಪ್ರಿಯಾ ತನ್ನ ಸಂಗೀತವನ್ನು ಬಚ್ಚಿಟ್ಟಿದ್ದು ಆ ಸದ್ದಿನೊಳಗೆ.

ಅವಳು ಸಿ.ಎಸ್. ಪುರದವಳು. ಸೋದರಮಾವ ಸಿದ್ದಗಂಗಯ್ಯನ ವಾಲಗದ ಸೆಟ್ಟಿನಲ್ಲಿ ನಾಗಸ್ವರದ ಬದಲು ಸ್ಯಾಕ್ಸೊಫೋನ್ ಇತ್ತು. ಮಾವನಿಗೆ ದಮ್ಮು ಅಂಟಿಕೊಂಡಾಗ, ಅವನ ಪಕ್ಕ ಕೂತೇ ಕಲಿತಿದ್ದ ಅವಳನ್ನು ಬಿಟ್ಟು ಊದಲು ಬೇರೆ ಯಾರೂ ಸಿಗಲಿಲ್ಲ. "ಹೆಣ್ಮಗಳು ಊದಿದ್ರೆ ಜನ ಏನಂತಾರೋ" ಎಂದು ಗೊಣಗುತ್ತಲೇ ವಾದ್ಯವನ್ನು ಅವಳ ಕೊರಳಿಗೆ ಹಾಕಿದ. ಜನ ಏನೂ ಅನ್ನಲಿಲ್ಲ, ಮೊಬೈಲ್ ತೆಗೆದು ವಿಡಿಯೋ ಮಾಡಿಕೊಂಡರು.

ಮದುವೆಯಾಗಿ ತುಮಕೂರಿನ ಶೆಟ್ಟಿಹಳ್ಳಿಗೆ ಬಂದ ಮೇಲೂ ಅವಳು ಆ ಸೆಟ್ಟು ಬಿಡಲಿಲ್ಲ. ಒಂದು ದಿನ ನಾದಿನಿ ಸುಶ್ಮಿತಾ ಅಡುಗೆಮನೆಗೆ ಬಂದು, "ಅತ್ತಿಗೆ, ನಿಮ್ ವಾದ್ಯ ನೋಡಿ ಇಲ್ಲಿ" ಎಂದು ಮೊಬೈಲ್ ಹಿಡಿದಳು. ಯಾವುದೋ ದೇಶದ ಹೆಂಗಸೊಬ್ಬಳು ಕಣ್ಣು ಮುಚ್ಚಿ ಸ್ಯಾಕ್ಸೊಫೋನ್ ಊದುತ್ತಿದ್ದಳು. ಜಾಝ್ ಅಂತೆ. ಒಂದು ಹಾಡು ಹಿಡಿದು, ಅದರಿಂದ ಆಚೆ ಬಂದು, ಮನಸ್ಸು ಕರೆದಲ್ಲೆಲ್ಲ ಸುತ್ತಾಡಿ, ಮತ್ತೆ ತವರಿಗೆ ಬಂದಂತೆ ಬಂದು ಸೇರುತ್ತಿದ್ದಳು. ಅವತ್ತು ಭಾನು ಸಾರಿಗೆ ಎರಡು ಸಲ ಉಪ್ಪು ಹಾಕಿದಳು.

ಸೋದರಮಾವನ ಎದುರು ಒಮ್ಮೆ ಹಾಗೆ ನುಡಿಸಿಯೂ ನೋಡಿದಳು. "ಇದ್ಯಾವ ರೋಗ ಕಣೇ? ಮದ್ವೆ ಮನೇಲಿ ಒಂದು ಸ್ವರ ಆಚೀಚೆ ಆಗ್ಲಿ, ವಾದ್ಯ ಇಟ್ಬುಟ್ಟು ಮನೇಗ್ ಹೋಗ್ತಾ ಇರು" ಎಂದ. ವಾದ್ಯ ಅವನದು. ಅದನ್ನು ಬಿಟ್ಟು ಬದುಕುವುದನ್ನು ನೆನೆದರೇ ಅವಳಿಗೆ ಭಯವಾಗುತ್ತಿತ್ತು.

ಹಾಗಾಗಿ ಗಟ್ಟಿಮೇಳ. ಮಾವ ಮಂಟಪದ ಪಕ್ಕ ನಿಂತು ಕೈ ಎತ್ತುವನು. ಡೋಲಿನ ವೆಂಕಟರಂಗಯ್ಯ ಛತ್ರ ಬೀಳುವ ಹಾಗೆ ಬಾರಿಸುವನು. ಅದರಡಿಯಲ್ಲಿ ಭಾನು ಎರಡು ನಿಮಿಷ ತನಗೆ ತೋಚಿದ್ದನ್ನು ನುಡಿಸುವಳು. ಹೀಗೆ ಹನ್ನೊಂದು ವರ್ಷ. ಇದನ್ನು ಕಳ್ಳತನ ಎನ್ನಬೇಕೋ ತಪಸ್ಸು ಎನ್ನಬೇಕೋ, ನೀವೇ ಹೇಳಿ.

ಹೋದ ಮಾಘದಲ್ಲಿ ಯಡಿಯೂರಿನ ಛತ್ರದಲ್ಲೊಂದು ಮದುವೆ. ಮಾವ ಕೈ ಎತ್ತಿದ, ಡೋಲು ಗುಡುಗಿತು, ಅಕ್ಷತೆ ಹಾರಿತು. ಭಾನು ಕಣ್ಣು ಮುಚ್ಚಿ ತನ್ನ ದಾರಿ ಹಿಡಿದಳು. ಮೂರನೇ ಗಂಟು ಬಿದ್ದದ್ದೇ ತಡ, ಡೋಲು ಗಪ್ಪನೆ ನಿಂತುಹೋಯಿತು.

ಛತ್ರದ ತುಂಬ ಉಳಿದದ್ದು ಅವಳ ಸ್ಯಾಕ್ಸೊಫೋನ್ ಒಂದೇ. ಐನೂರು ಜನ ತಿರುಗಿ ನೋಡಿದರು. ನಿಲ್ಲಿಸೋಣವೆಂದರೆ ಅರ್ಧದಲ್ಲಿ ನಿಂತ ವಾಲಗ ಅಪಶಕುನ. ಒಂದೇ ಉಸಿರಿನಲ್ಲಿ ಸುತ್ತಿ ಬಳಸಿ ಷಡ್ಜಕ್ಕೆ ಬಂದು ಮುಟ್ಟಿದಳು. ವಾದ್ಯವನ್ನು ಕೊರಳಿಂದ ತೆಗೆದು ಪೆಟ್ಟಿಗೆಯ ಮೇಲಿಟ್ಟು ತಲೆ ತಗ್ಗಿಸಿ ನಿಂತಳು.

ಮಾವ ಬಿರುಸಾಗಿ ಬಂದು ಮೊದಲು ಡೋಲಿನವನನ್ನು ಹಿಡಿದ. "ಏನ್ಲಾ ರಂಗಯ್ಯ, ಚರ್ಮ ಹರೀತಾ?"

ವೆಂಕಟರಂಗಯ್ಯ ಡೋಲಿಗೆ ಮೆಲ್ಲಗೆ ಬೆರಳು ತಟ್ಟಿದ. ಟಿಂ ಎಂದಿತು, ಚರ್ಮ ನೆಟ್ಟಗಿತ್ತು.

"ತೋಳು ಸೋತೋಗೈತೆ, ಇದೇ ನನ್ ಕೊನೇ ಮದ್ವೆ ಅಂತ ಹೇಳಿದ್ನಲ್ಲ. ಹನ್ನೊಂದು ವರ್ಷ ಈ ಮಗೀನ್ ಸಂಗೀತ ನಿನ್ ಕಿವೀಗ್ ಬೀಳ್ದಂಗೆ ಬಾರಿಸ್ದೆ. ನಾಳೆಯಿಂದ ಮುಚ್ಚೋರು ಯಾರು? ಅದ್ಕೆ ಇವತ್ತು ಕೈ ತಗ್ದೆ."

ಭಾನು ತಲೆ ಎತ್ತಿ ರಂಗಯ್ಯನ ಕಡೆ ನೋಡಿದಳು. ತನ್ನ ಸಂಗೀತವನ್ನು ಒಬ್ಬರೂ ಕೇಳಿಲ್ಲ ಎಂದುಕೊಂಡೇ ಇಷ್ಟು ವರ್ಷ ಕಳೆದಿದ್ದಳು.

ಮಾವ ಪೆಟ್ಟಿಗೆಯ ಹತ್ತಿರ ಹೋದ. ವಾದ್ಯವನ್ನೆತ್ತಿ ಅವಳ ಮುಂದೆ ಹಿಡಿದ.

"ಈಗ ನುಡಿಸ್ದಲ್ಲ, ಅದ್ನ ಇನ್ನೊಂದ್ಸಲ ನುಡಿಸು."

"ಅದು ಮತ್ತೆ ಬರಲ್ಲ ಮಾವ. ಅವತ್ತಿಂದು ಅವತ್ತಿಗೇ."

"ಹಂಗಾರೆ ಇವತ್ತಿಗೆ ಇನ್ನೊಂದು ನುಡಿಸು" ಎಂದು ಸಿದ್ದಗಂಗಯ್ಯ ಕುರ್ಚಿ ಎಳೆದುಕೊಂಡು ಅವಳ ಎದುರಿಗೇ ಕೂತ.