ಕೊಡೆ ಜಟ್ಟಪ್ಪನ ಸೇವೆ

ತೀರ್ಥಹಳ್ಳಿಯಲ್ಲಿರುವ ನನ್ನ ಅಂಗಡಿ ಜಗಲಿಯ ಎಡತುದಿ ಜಟ್ಟಪ್ಪನದು. ಬಾಡಿಗೆ ನಾನು ಕೇಳಿದವನಲ್ಲ, ಅವನು ಕೊಟ್ಟವನಲ್ಲ. ಹುಂಚದ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದು, ಗೋಣಿಚೀಲ ಹಾಸಿ ಕೂತು, ಮುರಿದ ಕೊಡೆಗಳಿಗೆ ಕಡ್ಡಿ ಕಟ್ಟುವುದು ಅವನ ಕಸುಬು. ಗಿರಾಕಿ ಕೊಡೆ ಬಿಚ್ಚುವ ಮೊದಲೇ ಅವನ ಬಾಯಿ ಬಿಚ್ಚಿರುತ್ತದೆ. ಒಮ್ಮೆ ಮೇಷ್ಟ್ರೊಬ್ಬರ ಕೊಡೆಯನ್ನು ತಿರುಗಿಸಿ ನೋಡಿ, "ಇದನ್ನ ಮಳೆಗೆ ಹಿಡಿದ್ರಾ, ಮಕ್ಕಳ ಬೆನ್ನಿಗೆ ಹಿಡಿದ್ರಾ?" ಎಂದು ಕೇಳಿದ. ಮೇಷ್ಟ್ರು ಹೊಳೆ ಕಡೆ ನೋಡುತ್ತ ನಿಂತರು.

ಇಂಥ ಜಟ್ಟಪ್ಪನಿಗೆ ಕುತ್ತು ಬಂದದ್ದು ಚೀನಾದ ಮಡಚುವ ಕೊಡೆಯಿಂದ. ಅದರ ಬೆಲೆ ರಿಪೇರಿ ಕೂಲಿಗಿಂತ ತುಸು ಹೆಚ್ಚು, ಅಷ್ಟೆ. ಮುರಿದರೆ ಜನ ಎಸೆದು ಹೊಸದು ಕೊಳ್ಳುತ್ತಾರೆ. ಎಲ್ಲಿ ಕೊಳ್ಳುತ್ತಾರೆ ಎಂದರೆ, ನನ್ನಲ್ಲೇ. ನಾನು ಮಾರದಿದ್ದರೆ ಎದುರಂಗಡಿಯವನು ಮಾರುತ್ತಾನೆ, ಜಟ್ಟಪ್ಪನನ್ನು ಕೂರಿಸಲು ಅವನಿಗೆ ಜಗಲಿಯೂ ಇಲ್ಲ.

ಅಷ್ಟರಲ್ಲಿ, ಹೊರದೇಶದ ಮಾಲು ಬಂದು ಕೆಲಸ ಕಳೆದುಕೊಂಡವರಿಗೆ ಸರ್ಕಾರ ನೆರವು ಕೊಡುತ್ತದೆಂಬ ಸುದ್ದಿ ಹರಡಿತು. ದಪ್ಪ ಬಟ್ಟೆ ಹೊಲಿಯುವ ಮಿಷನ್ನಿಗೆ ಜಟ್ಟಪ್ಪ ಅರ್ಜಿ ಹಾಕಿದ. ಸಿಕ್ಕರೆ ಬೈಕಿನ ಸೀಟು, ತಾಡಪಾಲು ಹೊಲಿದು ಇಲ್ಲೇ ಬದುಕಬಹುದು. ಸಿಗದಿದ್ದರೆ ಸಾಗರದಲ್ಲಿ ಭಾವಮೈದುನನ ಹೋಟೆಲಿಗೆ ಹೋಗಿ ಲೋಟ ತೊಳೆಯಬೇಕು.

"ಹೆಂಡ್ತಿ ತಮ್ಮನ ಕೈಕೆಳಗೆ ದುಡಿಯೋದಾ? ಅವ ನನ್ನ ಮದ್ವೇಲಿ ಬಿದ್ದು ಹೊರಳಿ ಅತ್ತ ಪಾಪು. ಈಗ ನನ್ನ ಅಳಿಸ್ತಾನೆ," ಎಂದ.

ಪರಿಶೀಲನೆಗೆ ಬಂದವರು ಚೈತ್ರಾ ಮೇಡಂ. ಜಗಲಿಯ ಮೇಲೇ ವಿಚಾರಣೆ ಶುರುವಾಯಿತು.

"ಏನು ತಯಾರು ಮಾಡ್ತೀರಿ?"

"ಕೊಡೆ ರಿಪೇರಿ ಮೇಡಂ."

"ರಿಪೇರಿ ಅಂದ್ರೆ ಸೇವೆ ಆಯ್ತು. ಇದು ಮಾಲು ತಯಾರಿಸೋರಿಗೆ ಮಾತ್ರ."

"ಸೇವೆ ಅಂದ್ಮೇಲೆ ಪ್ರಸಾದನಾದ್ರೂ ಬರ್ಬೇಕಲ್ಲ ಮೇಡಂ. ದೇವಸ್ಥಾನದಲ್ಲಿ ಕೊಡ್ತಾರೆ."

ಮೇಡಂ ನಗು ನುಂಗಿದರು. ಕೊಡೆಯವನಿಗೆ ಸರ್ಕಾರವೂ 'ಕೊಡೆ' ಎಂದಿತಲ್ಲ ಎಂದು ನಾನು ಗಲ್ಲಾದ ಹಿಂದೆ ಕೂತು ಒಳಗೊಳಗೇ ನಕ್ಕೆ. ಆ ನಗು ಬಹಳ ಹೊತ್ತು ಉಳಿಯಲಿಲ್ಲ.

"ಕೊಡೆ ತಯಾರು ಮಾಡೋರ ಹತ್ರ ರಿಪೇರಿಗೆ ಇದ್ದು, ಅವ್ರು ಕೆಲಸದಿಂದ ತೆಗೆದಿದ್ರೆ ಸೇವೆಯವರಿಗೂ ಬರುತ್ತೆ," ಎಂದು ಮೇಡಂ ಬ್ಯಾಗು ಮುಚ್ಚುತ್ತ ಹೇಳಿದರು. "ನೀವು ಯಾರ ಹತ್ರಾನೂ ಇರ್ಲಿಲ್ವಲ್ಲ."

ಜಟ್ಟಪ್ಪ ತೊಡೆಯ ಮೇಲಿದ್ದ ಕೊಡೆಯನ್ನು ನಿಧಾನವಾಗಿ ಬಿಚ್ಚಿ, ಒಳಗೆ ಹೊಲಿದಿದ್ದ ಚೀಟಿಯನ್ನು ಅವರ ಮುಂದೆ ಹಿಡಿದ. "ನಂಗೆ ಕನ್ನಡಕ ಇಲ್ಲ. ಚೂರು ಓದಿ ಮೇಡಂ."

"ಕುಶಾವತಿ ಕೊಡೆ. ತಯಾರಕರು: ಗಜಾನನ ಪ್ರಭು, ತೀರ್ಥಹಳ್ಳಿ."

ಗಜಾನನ ಪ್ರಭು ಎಂದರೆ ನಾನೇ. ಚೀನಾ ಎಂದರೆ ಮೂಗು ಮುರಿಯುವವರು ನಮ್ಮೂರ ಹೊಳೆ ಕುಶಾವತಿಯ ಹೆಸರೆಂದರೆ ಎರಡು ಕೊಳ್ಳುತ್ತಾರೆಂದು ಶಿವಮೊಗ್ಗದಲ್ಲಿ ಅಚ್ಚು ಹಾಕಿಸಿ ಚೀನಾ ಕೊಡೆಗಳಿಗೆ ಹೊಲಿಸಿದ ಚೀಟಿ ಅದು.

ಮೇಡಂ ನನ್ನ ಕಡೆ ತಿರುಗಿದರು. "ತಯಾರಕರು ನೀವೇನಾ?"

ಅಲ್ಲ ಎಂದರೆ ಚೀಟಿ ಸುಳ್ಳು. ಹೌದು ಎಂದರೆ ಜಟ್ಟಪ್ಪ ನನ್ನ ಆಳು.

"ಒಂದು ರೀತೀಲಿ ಹೌದು ಮೇಡಂ."

"ರೀತಿ ಬೇಡ. ಹೌದೋ ಅಲ್ವೋ?"

"ಹೌದು."

"ಇವರು ನಿಮ್ಮಲ್ಲಿ ರಿಪೇರಿಗೆ ಇದ್ರಾ?"

"ಇದ್ದೆ ಮೇಡಂ," ಎಂದು ಜಟ್ಟಪ್ಪನೇ ಬಾಯಿ ಹಾಕಿದ. "ಸಾವ್ಕಾರ್ರು ಮಾರಿದ ಕೊಡೆ ವಾಪಸ್ ಬಂದ್ರೆ ನಾನೇ ನೋಡ್ತಿದ್ದೆ. ಮಾರಿದ್ದೆಲ್ಲ ವಾಪಸ್ ಬರ್ತಿತ್ತು."

ಮೊದಲ ಮಾತು ಸುಳ್ಳಲ್ಲ. ಜಗಲಿಯ ಋಣಕ್ಕೆ ಅವನು ಕಾಸು ಕೇಳದೆ ಸರಿ ಮಾಡಿಕೊಡುತ್ತಿದ್ದ. ನಾನೂ ಅದನ್ನು ಕೆಲಸವೆಂದು ಕರೆದಿರಲಿಲ್ಲ, ಕರೆದರೆ ಕೂಲಿ ಕೊಡಬೇಕಾಗುತ್ತದೆ.

"ಮತ್ತೆ ಯಾಕೆ ತೆಗೆದ್ರಿ?"

ಜಟ್ಟಪ್ಪ ನನ್ನ ಮುಖವನ್ನೇ ನೋಡುತ್ತಿದ್ದ.

"ಚೀನಾ ಮಾಲು ಬಂದು ನಮ್ಗೆ ನಷ್ಟ ಆಯ್ತು ಮೇಡಂ," ಎಂದೆ. ಆ ಮಾಲೆಲ್ಲ ನನ್ನ ತಲೆಯ ಮೇಲೇ ಸಾಲಾಗಿ ನೇತಾಡುತ್ತಿತ್ತು. ಮೇಡಂ ಕತ್ತೆತ್ತಿ ನೋಡಿದರು, ಮತ್ತೆ ನನ್ನನ್ನು ನೋಡಿದರು. ಬರೆದುಕೊಂಡು ನನ್ನ ಸಹಿ ಹಾಕಿಸಿದರು. "ನಾಳೆ ತೆರಿಗೆಯವರು ಬಂದು ಕೇಳಿದ್ರೂ ಹೀಗೇ ಹೇಳ್ಬೇಕು ಪ್ರಭುಗಳೇ," ಎಂದು ಮೆಟ್ಟಿಲಿಳಿದರು.

ಮಿಷನ್ ಬಂತು. ಈಗ ಜಗಲಿಯ ಎಡತುದಿ ಸಾಲದೆ ಅವನು ನಡುವಿನವರೆಗೂ ಸರಿದಿದ್ದಾನೆ. ಬೈಕಿನವರು ಕ್ಯೂ ನಿಲ್ಲುತ್ತಾರೆ.

ಮೊನ್ನೆ ಅವನ ಹೆಂಡತಿ ಕೆರಿಯಮ್ಮ ಪೇಟೆಗೆ ಬಂದವಳು ಸೀದಾ ನನ್ನ ಗಲ್ಲಾದ ಮುಂದೆ ನಿಂತಳು.

"ಇಷ್ಟು ವರ್ಷ ದುಡಿಸ್ಕೊಂಡು, ಕೈಗೆ ಒಂದು ಕಾಸೂ ಇಡ್ದೆ ನಮ್ಮನೆಯವ್ರನ್ನ ಕೆಲ್ಸದಿಂದ ತೆಗ್ದ್ರಂತಲ್ಲ ಸಾವ್ಕಾರ್ರೇ. ನಿಮ್ಗಿದು ಚಂದನಾ?"

ಗಿರಾಕಿಗಳೆಲ್ಲ ತಿರುಗಿ ನೋಡಿದರು. ನಾನು ಜಟ್ಟಪ್ಪನನ್ನು ನೋಡಿದೆ. ಅವನು ಸೂಜಿಗೆ ದಾರ ಪೋಣಿಸುತ್ತಿದ್ದ, ತಲೆ ಎತ್ತಲಿಲ್ಲ.

"ಹೋಗ್ಲಿ ಬಿಡೇ, ಪಾಪ. ಅವ್ರಿಗೂ ನಷ್ಟ ಆಗಿತ್ತಂತೆ. ಬರ್ದು ಕೊಟ್ಟಿದಾರೆ."